ಹದಿಹರೆಯದವರ ಹಾರ್ಮೋನಿಗೆ ಕ್ರೀಮು, ಸುಗಂಧದ ರಾಸಾಯನಿಕಗಳಿಂದ ತೊಂದರೆಯೇ? ಬದಲಿಸಿದರೆ ಪ್ರಯೋಜನ ಇದೆಯೇ?

ತೊಂದರೆಯ ಸಾಧ್ಯತೆ ಇದೆ, ಪ್ರಮಾಣ ಮನುಷ್ಯರಲ್ಲಿ ಇನ್ನೂ ಖಚಿತವಾಗಿಲ್ಲ. ಕ್ರೀಮು ಕೆಡದಂತೆ ಹಾಕುವ ಪ್ಯಾರಾಬೆನ್, ಸ್ತ್ರೀ ಹಾರ್ಮೋನ್ ಈಸ್ಟ್ರೋಜನ್ ಕೂರಬೇಕಾದ ಜೀವಕೋಶದ ಗ್ರಾಹಕಕ್ಕೇ (ರಿಸೆಪ್ಟರ್) ಅಂಟಿಕೊಳ್ಳುತ್ತದೆ. ಹಿಡಿತ ಮಾತ್ರ ಬಹಳ ದುರ್ಬಲ. ಸುಗಂಧ, ಪ್ಲಾಸ್ಟಿಕ್‌ಗಳಲ್ಲಿ ಬಳಸುವ ಥ್ಯಾಲೇಟ್ ಎಂಬ ರಾಸಾಯನಿಕಗಳಲ್ಲಿ ಕೆಲವು ಪ್ರಾಣಿಗಳಲ್ಲಿ ಪುರುಷ ಹಾರ್ಮೋನ್ ಟೆಸ್ಟೋಸ್ಟಿರೋನ್ ಉತ್ಪಾದನೆಯನ್ನೇ ತಗ್ಗಿಸಿವೆ.

ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಅಮೆರಿಕದ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ ನಡೆದ ಅಧ್ಯಯನದ್ದು, 2016ರಲ್ಲಿ ಪ್ರಕಟವಾಯಿತು. 14ರಿಂದ 18 ವರ್ಷದ 100 ಹುಡುಗಿಯರು 3 ದಿನ ಈ ರಾಸಾಯನಿಕಗಳಿಲ್ಲವೆಂದು ಲೇಬಲ್ ಇದ್ದ ಉತ್ಪನ್ನ ಬಳಸಿದರು. ಮೂತ್ರದಲ್ಲಿ ಮೀಥೈಲ್ ಪ್ಯಾರಾಬೆನ್ ಶೇ. 44, ಬ್ಯಾಕ್ಟೀರಿಯಾ ಕೊಲ್ಲಲು ಹಾಕುವ ಟ್ರೈಕ್ಲೋಸಾನ್ ಶೇ. 36, ಸುಗಂಧದ ಥ್ಯಾಲೇಟಿನ ಕುರುಹು ಶೇ. 27ರಷ್ಟು ಇಳಿಯಿತು. ಇವು ದೇಹದಲ್ಲಿ ಹೆಚ್ಚು ಕಾಲ ನಿಲ್ಲದಿರುವುದೇ ಕಾರಣ. ಆದರೆ ಬ್ಯುಟೈಲ್, ಈಥೈಲ್ ಪ್ಯಾರಾಬೆನ್ ಏರಿದವು, ಅಂದರೆ ಲೇಬಲ್ ನಂಬಿದರೂ ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ. ಇನ್ನೊಂದು ಮುಖ್ಯ ಮಾತು: ಇಲ್ಲಿ ಇಳಿದದ್ದು ರಾಸಾಯನಿಕ. ಹಾರ್ಮೋನ್ ಬದಲಾಯಿತೆಂದು ಇದರಿಂದ ಹೇಳಲಾಗದು.

ಮೈಮೇಲೆ ಗಂಟೆಗಟ್ಟಲೆ ಉಳಿಯುವ ಲೋಷನ್, ಡಿಯೋಡರೆಂಟ್, ಮೇಕಪ್ ಮೊದಲು ಬದಲಿಸಿ. ಶಾಂಪೂ, ಸೋಪು ಆಮೇಲೆ. ಲೇಬಲ್‌ನಲ್ಲಿ ಥ್ಯಾಲೇಟ್ ಹೆಸರು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, 'ಫ್ರಾಗ್ರೆನ್ಸ್' ಅಥವಾ 'ಪರ್ಫ್ಯೂಮ್' ಎಂಬ ಒಂದೇ ಪದದೊಳಗೆ ಅಡಗಿರುತ್ತದೆ. 'ಅನ್‌ಸೆಂಟೆಡ್' ಎಂದಿದ್ದರೂ ವಾಸನೆ ಮುಚ್ಚುವ ಸುಗಂಧ ಇರಬಹುದು; 'ಫ್ರಾಗ್ರೆನ್ಸ್ ಫ್ರೀ' ಹುಡುಕಿ. ಸನ್‌ಸ್ಕ್ರೀನ್ ದಯವಿಟ್ಟು ಬಿಡಬೇಡಿ, ಬಿಸಿಲು ತಡೆಯಲು ಅದರಲ್ಲಿ ಹಾಕುವ ಆಕ್ಸಿಬೆನ್ಜೋನ್ ಎಂಬ ರಾಸಾಯನಿಕದ ಬದಲು ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಸಂರಕ್ಷಕವೇ ಇಲ್ಲದ, ನೀರು ಸೇರಿದ ಮನೆಯ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಅದು ಪರ್ಯಾಯವಲ್ಲ.

15 ತುಂಬಿದರೂ ಮುಟ್ಟು ಶುರುವಾಗದಿದ್ದರೆ ಕ್ರೀಮನ್ನು ದೂರುತ್ತ ಕಾಯದೆ ವೈದ್ಯರಿಗೆ ತೋರಿಸಿ.