ಒಳಲೆಯಲ್ಲಿ ಗುಟ್ಟಾಗಿ ಹೋದ ರಾಗಿ ಸರಿ

ಪ್ರಶ್ನೆ: ಮಗನಿಗೆ ಐದು ತಿಂಗಳು ಹತ್ತು ದಿನ. ಇನ್ನು ಮೂರು ವಾರಕ್ಕೆ ನನ್ನ ಹೆರಿಗೆ ರಜೆ ಮುಗಿಯುತ್ತದೆ. ಮಗುವನ್ನು ನೋಡಿಕೊಳ್ಳಲೆಂದೇ ಅತ್ತೆ ಮಂಡ್ಯದ ಹತ್ತಿರದ ಊರಿನಿಂದ ಬಂದಿದ್ದಾರೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎಂದು ಡಾಕ್ಟರ್ ಹೇಳಿದ್ದರು. ಮೊನ್ನೆ ಸ್ನಾನ ಮುಗಿಸಿ ಬಂದರೆ ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ (ಮಗುವಿನ ಬಾಯಿಗೆ ಹಾಕುವ ಕೊಕ್ಕಿನ ಪುಟ್ಟ ಬಟ್ಟಲು) ರಾಗಿ ಸರಿ ಹಾಕುತ್ತಿದ್ದರು, ಪಕ್ಕದಲ್ಲಿ ಜೇನುತುಪ್ಪದ ಬಾಟಲಿ. ಹತ್ತು ದಿನದಿಂದ ನಡೆದಿತ್ತಂತೆ. ನಾನು ಕೂಗಾಡಿದೆ. 'ಮೂರು ಮಕ್ಕಳ್ನ ಹಿಂಗೇ ಸಾಕಿಲ್ವಾ ನಾನು? ನಿನ್ ಗಂಡನ್ಗೇನಾಗದೆ?' ಅಂದರು. ಈಗ ಮಗುವನ್ನು ಎತ್ತಿಕೊಳ್ಳುತ್ತಿಲ್ಲ, ನನ್ನ ಜೊತೆ ಮಾತೂ ಇಲ್ಲ. 'ನೀವಿಬ್ಬರೇ ಏನಾದರೂ ಮಾಡ್ಕೊಳ್ಳಿ' ಎಂದು ಗಂಡ ಎದ್ದು ಹೋದರು. ಕಣ್ಣು ತಪ್ಪಿಸಿ ಹೀಗೆ ಮಾಡುವವರ ಕೈಗೆ ಮಗು ಕೊಟ್ಟು ಹೇಗೆ ಹೋಗಲಿ? ಕೆಲಸ ಬಿಡಲೇ, ಮಗುವನ್ನು ತವರಿಗೆ ಕಳಿಸಲೇ?
— ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಜೇನುತುಪ್ಪದ ಮಾತು, ಯಾಕೆಂದರೆ ಅದು ಕಾಯುವ ವಿಷಯವಲ್ಲ. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಬೆಳೆಯುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಆ ವಿಷ ಸ್ನಾಯುಗಳ ಬಲವನ್ನೇ ತೆಗೆಯುತ್ತದೆ. ಮನೆಯಲ್ಲಿ ಕುದಿಸಿದರೆ ಈ ಬೀಜಕಣ ಸಾಯುವುದಿಲ್ಲ, ತೋಟದಿಂದ ತಂದ ಶುದ್ಧ ಜೇನು ಎಂದರೂ ವ್ಯತ್ಯಾಸವಿಲ್ಲ. ಈ ಕಾಯಿಲೆ ಬಹಳ ಅಪರೂಪ, ಹಾಗಾಗಿ ಭಯದಿಂದ ನಿದ್ದೆಗೆಡಬೇಡಿ. ಆದರೆ ಇನ್ನು ಒಂದು ತಿಂಗಳು ಮಗುವಿನ ಮೇಲೆ ಕಣ್ಣಿರಲಿ. ಮಲಬದ್ಧತೆ ಶುರುವಾಗಿ, ಅಳು ಕ್ಷೀಣವಾಗಿ, ಹಾಲು ಚೀಪುವ ಶಕ್ತಿ ಕಡಿಮೆಯಾಗಿ, ರೆಪ್ಪೆ ಜೋತುಬಿದ್ದು, ಕತ್ತು ಹಿಡಿದಿದ್ದ ಮಗು ಕತ್ತು ಚೆಲ್ಲಿದರೆ ಎಲ್ಲವೂ ಕಾಣಿಸಲಿ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ಜೇನುತುಪ್ಪ ನೆಕ್ಕಿಸಿದ್ದನ್ನು ಮೊದಲೇ ಹೇಳಿ. ಏನೂ ಆಗದಿದ್ದರೂ ನಿಮ್ಮ ಮಕ್ಕಳ ಡಾಕ್ಟರಿಗೆ ಇವತ್ತೇ ಒಂದು ಫೋನ್ ಮಾಡಿ ತಿಳಿಸಿ.

ರಾಗಿಯ ವಿಷಯಕ್ಕೆ ಅಷ್ಟು ಗಾಬರಿ ಬೇಡ. ಹತ್ತು ದಿನ ನಾಲ್ಕು ಒಳಲೆ ತೆಳು ಸರಿ ಹೋದದ್ದರಿಂದ ಮಗು ಕೆಟ್ಟಿಲ್ಲ. ಈಗ ನಿಲ್ಲಿಸಿ, ಈ ಮೂರು ವಾರ ಎದೆಹಾಲೊಂದೇ ಸಾಕು. ಬೇಗ ಬೇಡ ಎನ್ನುವುದಕ್ಕೆ ಕಾರಣವಿದೆ. ನೀರುನೀರಾದ ಸರಿ ಆ ಪುಟ್ಟ ಹೊಟ್ಟೆ ತುಂಬಿಸಿ ಅದಕ್ಕಿಂತ ಸತ್ವದ ಹಾಲನ್ನು ಹೊರಗಿಡುತ್ತದೆ, ನೀರು ಪಾತ್ರೆಗಳ ಮೂಲಕ ಬೇಧಿಯ ದಾರಿಯೂ ತೆರೆಯುತ್ತದೆ.

ಇನ್ನು ನಿಮ್ಮ ಅತ್ತೆ. ನನ್ನ ಮಗಳ ಬಾಣಂತನದಲ್ಲಿ ನಾನೂ ಐದನೇ ತಿಂಗಳಿಗೇ ರಾಗಿ ನೆನೆಹಾಕಿದವಳು. ಮಗಳು ಬೇಡಮ್ಮ ಎಂದಾಗ ನನ್ನ ಕಿವಿಗೆ ಬಿದ್ದದ್ದು 'ನೀನು ನನ್ನನ್ನು ಸರಿಯಾಗಿ ಬೆಳೆಸಲಿಲ್ಲ' ಎಂಬ ಮಾತು. ಅವಳು ಹಾಗೆ ಹೇಳಿರಲೇ ಇಲ್ಲ. ಮೂರು ಮಕ್ಕಳನ್ನು ಸಾಕಿದ ಹೆಂಗಸಿಗೆ ನಿಮ್ಮ ಕೂಗು ಹೇಗೆ ಕೇಳಿಸಿರಬಹುದು ಎಂದು ಒಮ್ಮೆ ಯೋಚಿಸಿ.

ಇನ್ನೊಂದು ನನಗೆ ತೋಚುತ್ತದೆ. ಮೂರು ವಾರ ಕಳೆದರೆ ನೀವು ಬೆಳಿಗ್ಗೆ ಹೋಗಿ ಸಂಜೆ ಬರುತ್ತೀರಿ. ಆ ಎಂಟೊಂಬತ್ತು ಗಂಟೆ ಹಸಿದು ಅಳುವ ಮಗುವಿನ ಜೊತೆ ಒಬ್ಬರೇ ಇರಬೇಕಾದವರು ಅವರು. ತಾಯಿಯ ಎದೆ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿಸಿಕೊಳ್ಳದ ಕೂಸಾದರೆ ಗತಿಯೇನು ಎಂಬ ದಿಗಿಲು ಅವರಿಗೆ ಇದ್ದಿರಲೇಬೇಕು. ಆ ದಿಗಿಲನ್ನು ನಿಮ್ಮ ಹತ್ತಿರ ಹೇಳಿಕೊಳ್ಳುವ ಬದಲು ಅಭ್ಯಾಸ ಮಾಡಿಸಲು ಹೊರಟಿರಬಹುದು. ಮುಚ್ಚಿಟ್ಟದ್ದು ತಪ್ಪು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ನಿಮಗೆ ನೋವಾಗಿರುವುದೂ ರಾಗಿಗಿಂತ ಹೆಚ್ಚಾಗಿ ಅದಕ್ಕೇ. ಹಾಗಾಗಿ ಮಾತಾಡಬೇಕಾದದ್ದೂ ಅದನ್ನೇ.

ಹೀಗೆ ಹೇಳಿ ನೋಡಿ: 'ಅತ್ತೆ, ಅವತ್ತು ಕೂಗಾಡಿದ್ದು ತಪ್ಪಾಯ್ತು. ನೀವಿಲ್ಲದೆ ನಾನು ಕೆಲಸಕ್ಕೆ ಹೋಗೋಕಾಗಲ್ಲ. ಆದ್ರೆ ನನಗೆ ಗೊತ್ತಿಲ್ದೆ ಮಗು ಬಾಯಿಗೆ ಏನೂ ಹೋಗಬಾರದು. ಏನು ಕೊಡಬೇಕು ಅನ್ಸಿದ್ರೂ ಮೊದ್ಲು ನನಗೆ ಹೇಳಿ, ನಾನೂ ನಿಮ್ಮನ್ನ ಕೇಳ್ತೀನಿ.' ಈ ಮಾತು ಆಡುವಾಗ ನಿಮ್ಮ ಗಂಡ ಅಲ್ಲೇ ಕೂತಿರಬೇಕು. ಜೇನುತುಪ್ಪ, ವರ್ಷದೊಳಗೆ ಎದೆಹಾಲಿನ ಬದಲು ಹಸುವಿನ ಹಾಲು, ಇಡೀ ಕಡಲೇಬೀಜ: ಈ ಮೂರು ಬೇಡ ಎಂಬ ಮಾತು ಮಾತ್ರ ಮಗನ ಬಾಯಿಂದಲೇ ತಾಯಿಗೆ ಹೋಗಲಿ. ಮಗುವಿನ ಅಪ್ಪ ಅವರು. ಈ ಜಗಳದಿಂದ ಎದ್ದು ಹೋಗುವ ಹಕ್ಕು ಅವರಿಗಿಲ್ಲ.

ಉಳಿದದ್ದರಲ್ಲಿ ಅತ್ತೆಗೆ ಜಾಗ ಬಿಡಿ. ಅದರಲ್ಲೂ ರಾಗಿಯಲ್ಲಿ. ಅವರ ಕೈಗೆ ಗೊತ್ತಿರುವ ವಿದ್ಯೆ ಅಂಗಡಿಯ ಡಬ್ಬದಲ್ಲಿಲ್ಲ. ರಾಗಿ ತೊಳೆದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರಲ್ಲ, ಅದರಲ್ಲಿ ಒಂದೊಂದು ಹಂತಕ್ಕೂ ಅರ್ಥವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಆ ಖನಿಜಗಳನ್ನು ಮೈಗೆ ಹತ್ತಲು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬಂದಾಗ ಫೈಟೇಟ್ ಇಳಿಯುತ್ತದೆ. ಜೊತೆಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಂಟಲಿಗೆ ಅಂಟುವಷ್ಟು ಗಟ್ಟಿಯಾಗುವುದಿಲ್ಲ. ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಶಕ್ತಿ ಸಿಗುತ್ತದೆ. ನಮ್ಮ ಹಿರಿಯರು ಕಿಣ್ವದ ಹೆಸರು ತಿಳಿಯದೆಯೂ ಇದನ್ನು ಕಂಡುಕೊಂಡಿದ್ದರು. ಇದನ್ನು ಅತ್ತೆಗೆ ನೀವೇ ಹೇಳಿ.

ಬದಲಾಗಬೇಕಾದದ್ದು ಒಳಲೆ. ಮಲಗಿಸಿ ಗಂಟಲಿಗೆ ಸುರಿಯುವುದು ಬೇಡ, ಉಸಿರುನಾಳಕ್ಕೆ ಹೋದರೆ ಅಪಾಯ. ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟ ಚಮಚದಲ್ಲಿ, ಅವನೇ ಬಾಯಿ ತೆರೆದಾಗ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ಮೆಲ್ಲಗೆ ಜಾರಬೇಕು, ಅಷ್ಟು ಹದ. ನೀರಲ್ಲಿ ಬೇಯಿಸಿ, ಮೇಲೆ ಅರ್ಧ ಚಮಚ ತುಪ್ಪ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಸಪ್ಪೆ ಎನಿಸುವುದು ನಮ್ಮ ನಾಲಿಗೆಗೆ. ಬೆಳಿಗ್ಗೆ ಮಾಡಿ ಫ್ಲಾಸ್ಕಿನಲ್ಲಿಟ್ಟದ್ದು ಮಧ್ಯಾಹ್ನಕ್ಕೆ ಬೇಡ.

ಆರು ತಿಂಗಳು ತುಂಬಿದ ದಿನಗಳಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಬರಬರುತ್ತಾ ಅರ್ಧ ಬಟ್ಟಲು. ಮೊದಲ ವಾರ ಅರ್ಧಕ್ಕರ್ಧ ಗಲ್ಲದ ಮೇಲೆಯೇ ಇಳಿಯುತ್ತದೆ. ಅದುವರೆಗೆ ಚೀಪಲು ಮಾತ್ರ ಬಲ್ಲ ನಾಲಿಗೆ ಆಚೆಗೆ ತಳ್ಳುತ್ತದೆ, ಅಷ್ಟೆ. ಉಗುಳಿದ್ದನ್ನು ಎರಡು ದಿನ ಬಿಟ್ಟು ಮತ್ತೆ ಕೊಡಿ. ಕೆಲವು ರುಚಿಗೆ ಎಂಟು ಹತ್ತು ಸಲ ಬೇಕಾಗುತ್ತದೆ.

ರಾಗಿಯೊಂದನ್ನೇ ನೆಚ್ಚಿ ಕೂರಬೇಡಿ, ಇಲ್ಲಿ ಮಾತ್ರ ನಾನು ಅತ್ತೆಯ ಪಕ್ಷವಲ್ಲ. ಮಗು ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದಂಶದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಈ ವಯಸ್ಸಿನಲ್ಲಿ ರಕ್ತಹೀನತೆ ಶುರುವಾಗುವುದು ಹೀಗೆ. ಬೇಳೆ ಕಟ್ಟು ಬಗ್ಗಿಸಿ ಕೊಟ್ಟರೆ ಸತ್ವ ಪಾತ್ರೆಯಲ್ಲೇ ಉಳಿಯುತ್ತದೆ. ಬೆಂದ ಬೇಳೆಯನ್ನೇ ಸೊಪ್ಪಿನ ಜೊತೆ ಮಸೆದು ನಾಲ್ಕು ಹನಿ ನಿಂಬೆರಸ ಹಿಂಡಿ ಕೊಡಿ, ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ನಿಮ್ಮ ಮನೆಯಲ್ಲಿ ಮಾಂಸ ತಿನ್ನುವುದಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಮಸೆದ ಮಾಂಸ ಆರು ತಿಂಗಳಿಂದಲೇ ಆಗುತ್ತದೆ. ಮೊಟ್ಟೆ, ಕಡಲೇಬೀಜ ವರ್ಷದ ಮೇಲೆ ಎಂಬ ಹಳೆಯ ಸಲಹೆಯನ್ನು ಡಾಕ್ಟರುಗಳೇ ಬಿಟ್ಟಿದ್ದಾರೆ. 2015ರಲ್ಲಿ ಹೊರಬಂದ ಲಂಡನ್ನಿನ ಅಧ್ಯಯನವೊಂದು, ಅಲರ್ಜಿಯ ಅಪಾಯ ಹೆಚ್ಚಿದ್ದ ಕೂಸುಗಳಿಗೆ ವರ್ಷದೊಳಗೇ ಕಡಲೇಬೀಜದ ಆಹಾರ ಕೊಟ್ಟಾಗ ಆ ಅಲರ್ಜಿ ಬಹಳ ಕಡಿಮೆಯಾದದ್ದನ್ನು ತೋರಿಸಿತು. ನುಣ್ಣಗೆ ಅರೆದು ಸರಿಯಲ್ಲಿ ಕಲಸಬೇಕು. ಮಗುವಿಗೆ ಜೋರು ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಕೆಲಸ ಬಿಡಬೇಡಿ. ಇಷ್ಟಕ್ಕೆ ಬಿಟ್ಟರೆ ಆ ಬೇಸರ ನಾಳೆ ಅತ್ತೆಯ ಮೇಲೂ ಮಗುವಿನ ಮೇಲೂ ತಿರುಗುತ್ತದೆ. ಎದೆಹಾಲನ್ನಂತೂ ನಿಲ್ಲಿಸುವ ಮಾತೇ ಇಲ್ಲ. ಎರಡು ವರ್ಷ, ಅದಕ್ಕೂ ಮೇಲೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ, ಸಂಜೆ ಬಂದ ತಕ್ಷಣ, ರಾತ್ರಿ ಕುಡಿಸಿ. ಹಿಂಡಿಟ್ಟ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟರೆ ತೊಂದರೆಯಿಲ್ಲ. ಕಾನೂನು ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡುವ ಬಿಡುವು ಕೊಡುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಸೌಲಭ್ಯ ಇರಬೇಕು ಎಂದೂ ಕಾನೂನು ಹೇಳುತ್ತದೆ. ಕಚೇರಿಯಲ್ಲಿ ಸಂಕೋಚಪಡದೆ ಕೇಳಿ. ತವರಿಗೆ ಕಳಿಸಿದರೆ ಹಾಲು ನಿಲ್ಲುತ್ತದೆ, ಮಗುವೂ ನಿಮ್ಮಿಂದ ದೂರ. ಅಲ್ಲಿಯೂ ಒಬ್ಬ ಅಜ್ಜಿ, ಒಂದು ಜೇನುತುಪ್ಪದ ಬಾಟಲಿ ಇರಬಹುದು.

ಅನ್ನಪ್ರಾಶನದ ದಿನ ಅತ್ತೆಯೇ ಗೊತ್ತುಮಾಡಲಿ. ಮನೆಯ ಸಂಸ್ಕಾರಗಳನ್ನು ಹೇಳುವ ಹಳೆಯ ಗ್ರಂಥಗಳಾದ ಗೃಹ್ಯಸೂತ್ರಗಳಲ್ಲೂ ಆರನೇ ತಿಂಗಳು ಎಂದೇ ಇದೆ. ಡಾಕ್ಟರ್ ಮಾತೂ ಸಂಪ್ರದಾಯವೂ ಇಷ್ಟು ಹತ್ತಿರ ಬರುವುದು ಅಪರೂಪ. ಆರು ತುಂಬಿದ ಮೇಲೆ ಬರುವ ಒಂದು ಒಳ್ಳೆಯ ದಿನ ನೋಡಿ ಎಂದು ಕೇಳಿಕೊಳ್ಳಿ. ಜೇನು ಬೇಡ, ಪಾಯಸ ತುಟಿಗೆ ಮುಟ್ಟಿಸಿದರೆ ಶಾಸ್ತ್ರ ಮುಗಿಯಿತು. ಮೊದಲ ತುತ್ತು ಅವರ ಕೈಯಿಂದಲೇ ಆಗಲಿ.

ಅದಕ್ಕೂ ಮುಂಚೆ, ಇವತ್ತು ಸಂಜೆ ಮಗುವನ್ನು ಎತ್ತಿಕೊಂಡು ಅವರ ಪಕ್ಕ ಹೋಗಿ ಕೂತು, ರಾಗಿ ಎಷ್ಟು ಸೇರು ನೆನೆಹಾಕಲಿ ಎಂದು ಕೇಳಿ. ಮೊಳಕೆ ಬಂದು, ಒಣಗಿ, ಹಿಟ್ಟಾಗಲು ಒಂದು ವಾರ ಬೇಕೇ ಬೇಕು.