5600ಜಿ ಬಿಲ್ಡ್‌ಗೆ ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಬದಲಿಸಿ

ಕಂಪ್ಯೂಟರ್ ಜೋಡಿಸಲು ರೈಜೆನ್ 5 5600ಜಿ ಪ್ರೊಸೆಸರ್, ಎ520 ಮದರ್‌ಬೋರ್ಡ್, 16 ಜಿಬಿಯ ಒಂದೇ ರ‍್ಯಾಮ್, ಕ್ಯಾಬಿನೆಟ್ ಜೊತೆಗೇ ಬರುವ ಎಸ್‌ಎಂಪಿಎಸ್ (ಪವರ್ ಸಪ್ಲೈ). ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ, ನಡೆಯುತ್ತಾ ಅಂತ ಕೇಳಿದ್ದೀರಿ. ಪ್ರೊಸೆಸರ್, ಬೋರ್ಡ್ ಸರಿಯಾಗಿವೆ. ಉಳಿದೆರಡು ಬೇಡ.

ಈ ಚಿಪ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ನಿಮ್ಮ ರ‍್ಯಾಮನ್ನೇ ಬಳಸುತ್ತದೆ. ಒಂದೇ ಸ್ಟಿಕ್ ಅಂದರೆ ಸಿಂಗಲ್ ಚಾನೆಲ್, ಡೇಟಾ ಹೋಗಿಬರಲು ಒಂದೇ ದಾರಿ, ಗೇಮ್ ಕುಂಟುತ್ತದೆ. ಡಿಡಿಆರ್4 3200ರ 8 ಜಿಬಿ ಸ್ಟಿಕ್ ಎರಡು ತಗೊಳ್ಳಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ಕ್ಕೆ ಹಾಕಿ. ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ಸ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡುವುದನ್ನು ಮರೆತರೆ ಎಷ್ಟೋ ಕಿಟ್‌ಗಳು 2133 ಅಥವಾ 2666ರಲ್ಲೇ ಓಡುತ್ತಿರುತ್ತವೆ.

ಪುಕ್ಕಟೆ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಅಂತ ಬರೆದಿದ್ದರೆ ನಂಬಬೇಡಿ. ಲೇಬಲ್‌ನಲ್ಲಿ 12 ವೋಲ್ಟ್ ಕೆಳಗಿನ ಆಂಪಿಯರ್ ಅನ್ನು 12ರಿಂದ ಗುಣಿಸಿ. ಒಟ್ಟು ವ್ಯಾಟ್ ಹತ್ತಿರಕ್ಕೆ ಬರದಿದ್ದರೆ ಬಿಟ್ಟುಬಿಡಿ. 450 ವ್ಯಾಟ್‌ನ 80 ಪ್ಲಸ್ ಬ್ರಾಂಜ್ (ವಿದ್ಯುತ್ ದಕ್ಷತೆಯ ದರ್ಜೆ) ಸಾಕು, ಮುಂದೆ ಕಾರ್ಡ್ ಹಾಕುವುದಾದರೆ 550.

ದುಡ್ಡು ಉಳಿಸಬೇಕೇ? ಪಿಸಿಐಇ ಜೆನ್ 4 (ನಾಲ್ಕನೇ ತಲೆಮಾರಿನ ವೇಗದ) ಎಸ್‌ಎಸ್‌ಡಿಗೆ ಹೆಚ್ಚು ಕೊಡಬೇಡಿ. 5600ಜಿ ಪಿಸಿಐಇ ಜೆನ್ 3 ವೇಗವನ್ನಷ್ಟೇ ಕೊಡುತ್ತದೆ.

ಪ್ರೊಸೆಸರ್ ಜೊತೆಗೆ ಬರುವ ಕೂಲರ್‌ಗೆ ಶಾಖ ಸಾಗಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಅದು ಸ್ಕ್ರೂ ಕೂಲರ್, ಬೋರ್ಡ್ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಲೇಬೇಕು. ಬಿಚ್ಚುವಾಗ ಹಿಂಬದಿಯ ಪ್ಲೇಟ್ ಕಳಚಿ ಬೀಳುತ್ತದೆ, ಕೈಯಲ್ಲಿ ಒತ್ತಿ ಹಿಡಿದುಕೊಳ್ಳಿ. ಫ್ಯಾನ್ ತಿರುಗಿಯೂ ಸ್ಕ್ರೀನ್ ಕಪ್ಪಾಗಿದ್ದರೆ ಮೊದಲು ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಕೇಬಲ್ ನೋಡಿ, ಆಮೇಲೆ ರ‍್ಯಾಮ್ ತೆಗೆದು ಕ್ಲಿಕ್ ಅನ್ನುವ ತನಕ ಒತ್ತಿ.