ಆಸ್ತಿ–ಹಣ ಪ್ರಶ್ನೋತ್ತರ: 11ಬಿ ಸೈಟು, ಗುಂಟೆ ತೋಟ, ಕಟ್ಟಡದ ಪಾಲು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 61. ಊರ ಹೊರಗೆ ಹೈವೇ ಹತ್ತಿರ 30x40 ಸೈಟು 18 ಲಕ್ಷಕ್ಕೆ ಬಂದಿದೆ. ಪಂಚಾಯ್ತಿಯ ನಮೂನೆ 11ಬಿ ತೋರಿಸಿದರು. “ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಆರು ತಿಂಗಳಲ್ಲಿ ಆಗುತ್ತೆ, ಐದು ವರ್ಷ ಬಿಟ್ಟರೆ 25 ಲಕ್ಷ ಗ್ಯಾರಂಟಿ” ಅಂತಾರೆ. ಅಡ್ವಾನ್ಸ್ ಕೊಡಲೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಈಗಿರುವ ಕಾಗದ ನಂಬಿ ಒಂದು ರೂಪಾಯಿಯನ್ನೂ ಕೊಡಬೇಡಿ. 11ಬಿ ಇದ್ದರೆ ಆ ಸ್ವತ್ತು ಪಂಚಾಯ್ತಿ ತೆರಿಗೆ ಪುಸ್ತಕದಲ್ಲಿದೆ ಎಂದಷ್ಟೇ ಅರ್ಥ. ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಲ್ಲ. ಇಂಥ ಸೈಟಿಗೆ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ನಾಳೆ ನಿಮ್ಮಿಂದ ಕೊಳ್ಳುವವರು ಪೂರ್ತಿ ಹಣವನ್ನು ಕೈಯಿಂದಲೇ ಹಾಕಬೇಕು. ಅಂಥವರು ಕಡಿಮೆ, ಸಿಕ್ಕರೂ ದರ ಮುರಿದು ಕೇಳುತ್ತಾರೆ. ನಿವೃತ್ತರಿಗೆ ಬೆಲೆ ಇಳಿಯುವುದಕ್ಕಿಂತ, ಆಸ್ಪತ್ರೆ ಖರ್ಚು ಬಂದ ತಿಂಗಳು ಸೈಟು ಮಾರಾಟವಾಗದೇ ಇರುವುದೇ ದೊಡ್ಡ ಅಪಾಯ.

ಮಾರುವವರಿಂದ ಮೊದಲು ಮೂರು ಕೇಳಿ: ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ, ದೂಡಾ ಅನುಮೋದಿಸಿದ ಲೇಔಟ್ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ. 500 ಚದರ ಮೀಟರ್‌ ಮೀರಿದ ಜಾಗದಲ್ಲಿ ಸೈಟು ಮಾಡಿ ಮಾರುವವರು ರೇರಾದಲ್ಲಿ ನೋಂದಾಯಿಸಲೇಬೇಕು. ನೋಂದಾಯಿತ ಕರಾರು ಪತ್ರವಿಲ್ಲದೆ ಅವರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ನಕ್ಷೆ ಸಿಕ್ಕರೆ ಅದನ್ನೂ ಒಂದು ಟೇಪನ್ನೂ ಹಿಡಿದು ಸ್ಥಳಕ್ಕೆ ಹೋಗಿ. ಸೈಟಿನ ನಂಬರು, ನಾಲ್ಕೂ ಕಡೆಯ ಚೆಕ್ಕುಬಂದಿ, ರಸ್ತೆಯ ಅಗಲ ತಾಳೆ ನೋಡಿ. ಪಾರ್ಕಿಗೆ ಬಿಟ್ಟ ಜಾಗಕ್ಕೆ ಕಲ್ಲು ನೆಟ್ಟು ಸೈಟು ಎಂದು ಮಾರುವ ಮೋಸ ಗೊತ್ತಾಗುವುದು ಇಲ್ಲೇ.

ಆಮೇಲೆ ಮೂಲ ಜಮೀನಿನ ಚರಿತ್ರೆ. 30 ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಬೇಕು, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅವರಿಗೆ ಹೇಗೆ ಬಂತು, 11ರಲ್ಲಿ ಸಾಲವೋ ತಕರಾರೋ ಇದೆಯೇ ಎಂದು ಓದಿ. ಇ.ಸಿ.ಯಲ್ಲಿ ನೋಂದಾಯಿತ ಪತ್ರಗಳು ಮಾತ್ರ ಕಾಣುತ್ತವೆ. ಬಾಯಿಮಾತಿನ ಪಾಲುಪಟ್ಟಿ, ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ. ಜಮೀನು ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಬೇರೆ ಊರಲ್ಲಿರುವ ಅಕ್ಕ-ತಂಗಿಯರ ಸಹಿ ಇಲ್ಲದ ಕ್ರಯಪತ್ರ ಮುಂದೆ ಕೋರ್ಟಿಗೆ ಎಳೆಯುತ್ತದೆ.

ಇನ್ನೊಂದು, ನಮ್ಮ ದಾವಣಗೆರೆ-ಚಿತ್ರದುರ್ಗದ ಕಡೆ ತಪ್ಪದೇ ನೋಡಬೇಕಾದ್ದು: ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? ಹಾಗಿದ್ದರೆ 1978ರ ಪಿ.ಟಿ.ಸಿ.ಎಲ್. (ಮಂಜೂರಾದ ಜಮೀನಿನ ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ನಾಲ್ಕು ಕೈ ಬದಲಾಗಿದೆ ಎಂಬ ಮಾತು ರಕ್ಷಣೆ ಕೊಡುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತ ಇದೆಯೇ ಎಂದು ವಕೀಲರ ಮೂಲಕ ಕೇಳಿಸಿ.

ಎಲ್ಲವೂ ಸರಿಯಿದೆ ಎಂದೇ ಇಟ್ಟುಕೊಂಡು “25 ಲಕ್ಷ” ಲೆಕ್ಕ ಹಾಕೋಣ. ಗ್ರಾಮಾಂತರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಎರಡೂ ಸೇರಿ 1,37,700 ರೂ. ಬ್ರೋಕರಿಗೆ ಶೇ. 1 ಅಂದರೆ 18,000. ನಿಮ್ಮ ಕೈಯಿಂದ ಹೋದದ್ದು 19,55,700. ಐದು ವರ್ಷದ ಮೇಲೆ 25 ಲಕ್ಷಕ್ಕೇ ಮಾರಿ, ಬ್ರೋಕರಿಗೆ 25,000 ಕೊಟ್ಟು, ಲಾಭದ ಮೇಲೆ ಶೇ. 12.5 ತೆರಿಗೆ ಮತ್ತು ಸೆಸ್ ಕಟ್ಟಿದರೆ ಉಳಿಯುವುದು ಸುಮಾರು 24 ಲಕ್ಷ 7 ಸಾವಿರ. ವರ್ಷಕ್ಕೆ ಶೇ. ನಾಲ್ಕೂಕಾಲರಷ್ಟೇ ಬೆಳೆದಂತಾಯಿತು. ಅದೇ 18 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿದ್ದರೆ ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 36,900 ರೂ. ಬಡ್ಡಿ. ಅದಕ್ಕೂ ಆದಾಯ ತೆರಿಗೆ ಉಂಟು, ಆದರೆ ಹಣ ನಿಮ್ಮ ಖಾತೆಗೇ ಬಂದು ಬೀಳುತ್ತದೆ.

“ಅರ್ಧ ನಗದು ಕೊಡಿ, ಪತ್ರದಲ್ಲಿ ಕಡಿಮೆ ಬರೆಸೋಣ” ಎಂದರೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಮುಂದೆ ನೀವು ಮಾರುವಾಗಲೂ ಪತ್ರದಲ್ಲಿ ಬರೆದಷ್ಟೇ ನಿಮ್ಮ ಖರೀದಿ ಬೆಲೆ ಎಂದಾಗಿ ತೆರಿಗೆ ಏರುತ್ತದೆ.

ಪ್ರಶ್ನೆ: ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ 10 ಗುಂಟೆ 15 ಲಕ್ಷಕ್ಕೆ ಕೊಡುತ್ತಾರಂತೆ. ಸಸಿ ಈ ವರ್ಷ ನೆಟ್ಟದ್ದು. ತೋಟ ಅವರೇ ನೋಡಿಕೊಂಡು ಮೊದಲ ವರ್ಷದಿಂದಲೇ ಶೇ. 15 ಕೊಡುತ್ತೇವೆ ಅಂತ ಬರೆದುಕೊಡುತ್ತಾರೆ.
– ಅಂಗಡಿ ವ್ಯಾಪಾರಿ, ಚಿತ್ರದುರ್ಗ

ಉತ್ತರ: ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು ಎಂಬುದು ನಿಮಗೆ ಗೊತ್ತಿರುವುದೇ. ಮೊದಲ ವರ್ಷದ 2,25,000 ರೂ. ಯಾವ ಗೊನೆಯಿಂದ ಬರುತ್ತದೆ? ನಿಮ್ಮದೇ ಹಣದಿಂದ ಅಥವಾ ನಿಮ್ಮ ನಂತರ ಸೇರಿದವರ ಹಣದಿಂದ. ಹೊಸಬರು ಸೇರುವುದು ನಿಂತ ತಿಂಗಳು ಇದೂ ನಿಲ್ಲುತ್ತದೆ.

ನೀರನ್ನೇ ಲೆಕ್ಕ ಹಾಕಿ. 9x9 ಅಡಿ ಅಂತರದಲ್ಲಿ 10 ಗುಂಟೆಗೆ ಸುಮಾರು 134 ಗಿಡ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ದಿನಕ್ಕೆ 16ರಿಂದ 20 ಲೀಟರ್ ಬೇಕು. ನಿಮ್ಮ ಪಾಲಿಗೇ 2,100ರಿಂದ 2,700 ಲೀಟರ್ ಆಯಿತು. ಇಡೀ ತೋಟ 20 ಎಕರೆಯಾದರೆ ಅದರ 80 ಪಟ್ಟು. ಕೊಳವೆಬಾವಿ ಎಷ್ಟು, ಏಪ್ರಿಲ್-ಮೇನಲ್ಲಿ ಎಷ್ಟು ಇಂಚು ನೀರು, ಬತ್ತಿದರೆ ಟ್ಯಾಂಕರ್ ಖರ್ಚು ಯಾರದು ಎಂಬುದು ಕರಾರಿನಲ್ಲಿದೆಯೇ ನೋಡಿ. ಬೆಲೆಯೂ ಅಷ್ಟೆ: 10 ಗುಂಟೆಗೆ 15 ಲಕ್ಷ ಎಂದರೆ ಎಕರೆಗೆ 60 ಲಕ್ಷ. ಪಕ್ಕದ ಸರ್ವೆ ನಂಬರಿನ ಜಮೀನು ಎಷ್ಟಕ್ಕೆ ಹೋಯಿತು ಎಂದು ಆ ಊರವರನ್ನೇ ಕೇಳಿ.

ಕ್ರಯಪತ್ರದಲ್ಲಿ “ಅವಿಭಾಜ್ಯ ಪಾಲು” ಎಂದಿದ್ದರೆ ನಿಮ್ಮ ಗುಂಟೆ ಎಲ್ಲಿದೆ ಎಂದು ನೀವೇ ತೋರಿಸಲಾರಿರಿ. 11ಇ ನಕ್ಷೆ (ಪಾಲು ಬೇರ್ಪಡಿಸಿ ಅಳೆದ ಸರ್ವೆ ನಕ್ಷೆ) ಆಗಿ ನಿಮ್ಮ ಹೆಸರಿಗೆ ಪಹಣಿ ಬರಬೇಕು. ಹಲವರ ಹಣ ಕೂಡಿಸಿ, ತಾವೇ ನಿರ್ವಹಿಸಿ ಲಾಭ ಹಂಚುವ ಯೋಜನೆ ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮದಲ್ಲಿ ಸಾಮೂಹಿಕ ಹೂಡಿಕೆ ಯೋಜನೆ ಎನಿಸಬಹುದು, ಅದಕ್ಕೆ ಸೆಬಿ ನೋಂದಣಿ ಬೇಕು. ಆ ಸಂಖ್ಯೆ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಪ್ರಶ್ನೆ: 3 ಲಕ್ಷಕ್ಕೆ ಬೆಂಗಳೂರಿನ ಆಫೀಸ್ ಕಟ್ಟಡದಲ್ಲಿ ಪಾಲು ಕೊಡುತ್ತೇವೆ ಎಂದು ಫೋನ್ ಬರುತ್ತಿದೆ. ರೀಟ್ ಅಂದರೆ ಇದೇನಾ?
– ಓದುಗರು, ಹರಿಹರ

ಉತ್ತರ: ಅಲ್ಲ. ರೀಟ್ ಎಂದರೆ ಹಲವರ ಹಣ ಕೂಡಿಸಿ ಬಾಡಿಗೆ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್. ಅದರ ಯೂನಿಟ್ಟುಗಳು ಷೇರು ಪೇಟೆಯಲ್ಲಿವೆ, ಷೇರು ಇಡುವ ಡಿಮ್ಯಾಟ್ ಖಾತೆ ಇದ್ದರೆ ಒಂದೇ ಯೂನಿಟ್ಟನ್ನೂ ಕೊಳ್ಳಬಹುದು, ಮಾರಬಹುದು. ದೇಶದ ಮೊದಲನೆಯದು 2019ರಲ್ಲಿ ಪೇಟೆಗೆ ಬಂದ ಎಂಬಸಿ ರೀಟ್. ಆಸ್ತಿಯ ಶೇ. 80 ಕಟ್ಟಿ ಮುಗಿದು ಬಾಡಿಗೆ ತರುವಂಥದ್ದಿರಬೇಕು, ಹಂಚಬಹುದಾದ ನಗದಿನ ಶೇ. 90 ಹೂಡಿಕೆದಾರರಿಗೆ ಸೇರಬೇಕು. ಯೂನಿಟ್ ಬೆಲೆ ಮಾತ್ರ ಏರಿಳಿಯುತ್ತದೆ, ಬಾಡಿಗೆದಾರ ಕಂಪನಿಗಳು ಖಾಲಿ ಮಾಡಿದರೆ ಹಂಚಿಕೆಯೂ ಇಳಿಯುತ್ತದೆ.

ಒಂದೊಂದೇ ಕಟ್ಟಡದ ಪಾಲಿಗೆಂದು ಸೆಬಿ 2024ರಲ್ಲಿ ಎಸ್.ಎಂ. (ಸಣ್ಣ, ಮಧ್ಯಮ) ರೀಟ್ ನಿಯಮ ತಂದಿತು. ಅದರಲ್ಲಿ ಕನಿಷ್ಠ ಹೂಡಿಕೆ 10 ಲಕ್ಷ. ಹಾಗಾಗಿ 3 ಲಕ್ಷಕ್ಕೆ ಪಾಲು ಎಂದವರು ಈ ನಿಯಮದೊಳಗಿಲ್ಲ. ಆ ಫೋನಿಗೆ ಆಧಾರ್, ಪ್ಯಾನ್ ಪ್ರತಿ ಕಳಿಸಬೇಡಿ, “ಬುಕಿಂಗ್” ಎಂದು ಐದು ಸಾವಿರ ಕೇಳಿದರೂ ಹಾಕಬೇಡಿ.